ಗಾಳಿ ತುಂಬುವವಳು

ಫೈನಲ್‌ಗೆ ಇನ್ನು ಇಪ್ಪತ್ತೇ ನಿಮಿಷ. ಪೇಂಟ್‌ಬಾಲ್ ಮೈದಾನದ ಮೂಲೆಯ ತಗಡಿನ ಶೆಡ್ಡಿಗೆ ತಂಡದ ನಾಯಕ ಏದುಸಿರು ಬಿಡುತ್ತ ನುಗ್ಗಿ, ತನ್ನ ಬಣ್ಣದ ಬಂದೂಕಿನ ಖಾಲಿ ಸಿಲಿಂಡರನ್ನು ಮೇಜಿನ ಮೇಲಿಟ್ಟ. “ಬೇಗ ಗಾಳಿ ತುಂಬು ಮಾರಾಯ್ತಿ, ಎಲ್ರೂ ಕಾಯ್ತಿದಾರೆ!”

ಗಾಳಿ ತುಂಬುವವಳು ಅವನ ಒಡಹುಟ್ಟಿದ ತಂಗಿ. ಏಳು ವರ್ಷದಿಂದ ಶೆಡ್ಡಿನ ಗಾಳಿ ಕಂಪ್ರೆಸರ್ ಅವಳ ಕೈಯಲ್ಲೇ ಪಳಗಿತ್ತು. ಅವಳು ಪೈಪಿಗೆ ಕೈ ಹಾಕಲಿಲ್ಲ. ಸಿಲಿಂಡರನ್ನು ಬೆಳಕಿಗೆ ಹಿಡಿದು ಮೈಯೆಲ್ಲ ಸವರಿದಳು. ಹೆಬ್ಬೆರಳು ಒಂದು ಕಡೆ ನಿಂತಿತು. ಹೊರಗಿನ ಕಪ್ಪು ನಾರಿನ ಹೊದಿಕೆಯೊಳಗೆ ಉಗುರು ಇಳಿಯುತ್ತಿತ್ತು.

“ಎಲ್ಲಿ ಬೀಳಿಸ್ದೆ?”

“ಸೆಮಿಫೈನಲ್‌ನಲ್ಲಿ ಬಂಡೆಗೆ ತಾಗ್ತು. ಬರೀ ಗೀಚು ಕಣೇ.”

“ಗೀಚಲ್ಲಣ್ಣ, ಸೀಳು. ನಾನಂತೂ ತುಂಬಲ್ಲ. ಕಾರಿನ ಟೈರಿಗಿಂತ ನೂರು ಪಟ್ಟು ಒತ್ತಡ ಇರುತ್ತೆ ಇದರೊಳಗೆ. ನೀನು ಕೆನ್ನೆ ಪಕ್ಕ ಇಟ್ಕೊಂಡು ಓಡ್ತೀಯ, ಸಿಡಿದ್ರೆ?”

“ಸ್ವಂತ ಅಣ್ಣಂಗೇ ಕಾನೂನಾ? ಬಿಡು, ರಸ್ತೆಯಾಚೆ ಮುಳುಗುಗಾರರ ಸಿಲಿಂಡರ್ ತುಂಬೋ ಡೈವಿಂಗ್ ಅಂಗಡಿಯವನು ಕಣ್ಣು ಮುಚ್ಕೊಂಡು ತುಂಬ್ತಾನೆ,” ಎಂದು ಅವನು ಬಗ್ಗಿ ಮೊಣಕಾಲಿನ ಪಟ್ಟಿ ಬಿಗಿಯತೊಡಗಿದ.

ಹೌದು, ಅವನು ತುಂಬುತ್ತಾನೆ. ಅದು ಅವಳಿಗೂ ಗೊತ್ತಿತ್ತು. ಗೇಜಿನ ಮುಳ್ಳು ಸೊನ್ನೆಯಲ್ಲಿದೆಯೆಂದು ಖಾತ್ರಿ ಮಾಡಿಕೊಂಡು, ಸಿಲಿಂಡರನ್ನು ಮೇಜಿನ ಕಬ್ಬಿಣದ ಹಿಡಿಕೆಗೆ ಕಚ್ಚಿಸಿ, ಮೇಲಿನ ರೆಗ್ಯುಲೇಟರ್ ಬಿಚ್ಚಿಟ್ಟು ಕರೆಂಟಿನ ಗರಗಸ ಎತ್ತಿದಳು. “ಏನೇ ಮಾಡ್ತಿದೀಯ!” ಎಂದು ಅಣ್ಣ ನೆಟ್ಟಗಾಗುವಷ್ಟರಲ್ಲಿ ಸಿಲಿಂಡರಿನ ಕುತ್ತಿಗೆ ಕೊಯ್ದಾಗಿತ್ತು. ಇನ್ನು ಯಾವ ಅಂಗಡಿಯವನೂ ಅದಕ್ಕೆ ಗಾಳಿ ತುಂಬಲಾರ.

“ಹುಚ್ಚಿ!”

“ಇರ್ಲಿ ಬಿಡು. ಈಗ ಇದನ್ನ ಹಿಡಿ.” ಕಪಾಟಿನಿಂದ ತನ್ನ ಹಳೆಯ ಗ್ಯಾಸ್ ಬಾಟಲಿ ತೆಗೆದು ಅವನ ಕೈಗಿತ್ತಳು. “ಗಾಳಿಯಲ್ಲ, ಕಾರ್ಬನ್ ಡೈಆಕ್ಸೈಡು. ಬೆಳಗಿನ ಚಳಿಗೆ ಇದರ ಜೋರು ಇಳಿಯುತ್ತೆ. ಒಂದೇ ಸಮ ಹೊಡೀಬೇಡ. ನಾಲ್ಕು ಹೊಡಿ, ಸುಧಾರಿಸ್ಕೋ, ಆಮೇಲೆ ಹೊಡಿ.”

ಅವನು ಹಾಗೇ ಆಡಿ ಮೂವರನ್ನು ಔಟ್ ಮಾಡಿದ. ನಾಲ್ಕನೆಯವನು ಎದುರಿಗೇ ಬಂದಾಗ ಮಾತ್ರ ಕೈ ತಡೆಯಲಿಲ್ಲ, ಬಿಡದೆ ಹೊಡೆದ. ಬಂದೂಕು ಬಿಳಿ ಆವಿ ಉಗುಳಿತು, ಗುಂಡು ನಾಲ್ಕು ಹೆಜ್ಜೆಯಾಚೆ ಪಿಚಕ್ಕನೆ ಬಿತ್ತು. ಮರುಕ್ಷಣ ಅವನ ಮುಖವಾಡದ ತುಂಬ ಹಳದಿ ಬಣ್ಣ. ಟ್ರೋಫಿ ಎದುರಾಳಿಗಳ ಪಾಲಾಯಿತು.

ಒಂದು ವಾರ ಅಣ್ಣ ಮಾತು ಬಿಟ್ಟ. ಊಟಕ್ಕೆ ಕೂತಾಗ ತಂಗಿಯ ಮುಂದಿದ್ದ ಉಪ್ಪನ್ನೂ ಅಮ್ಮನ ಬಾಯಲ್ಲೇ ಕೇಳಿಸಿದ. ಅವಳು ಉಪ್ಪು ಸರಿಸಿದಳೇ ಹೊರತು ತಪ್ಪಾಯಿತೆನ್ನಲಿಲ್ಲ.

ಮುಂದಿನ ಭಾನುವಾರ ಶೆಡ್ಡಿನೆದುರು ಉದ್ದನೆಯ ಸಾಲು. ಕೊನೆಯಲ್ಲಿ ಹೊಸ ಸಿಲಿಂಡರ್ ಹಿಡಿದು ಅಣ್ಣ ನಿಂತಿದ್ದ. ಮುಂದಿದ್ದ ಹೊಸ ಆಟಗಾರ ತಿರುಗಿ ಪಿಸುಗುಟ್ಟಿದ: “ಆಕೆ ನಿಮ್ಮ ತಂಗಿಯಂತೆ ಸಾರ್. ನಂದು ಸ್ವಲ್ಪ ಹಳೇದು. ನೋಡದೇನೆ ತುಂಬೋಕೆ ಒಂದು ಮಾತು ಹೇಳ್ತೀರಾ?”

“ಹೋದ ವಾರ ನಾನೂ ಹೇಳಿದ್ದೆ ಕಣಪ್ಪ, ಕೇಳ್ಲಿಲ್ಲ,” ಎಂದ ಅಣ್ಣ. “ಅದಕ್ಕೇ ಇವತ್ತು ಇಲ್ಲಿ, ಎರಡೂ ಕೆನ್ನೆ ನೆಟ್ಟಗಿಟ್ಕೊಂಡು ನಿಂತಿದೀನಿ.”