ಕೈಪಿಡಿ ಕೊಟ್ಟ ಮಾತು

“ಆ ಒಂದು ಸಾಲು ತೆಗೆದುಬಿಡಿ ಅತ್ತಿಗೆ, ಸಂಜೆ ಹೊಸ ಆವೃತ್ತಿ ಬಿಡುಗಡೆ ಇದೆ,” ಎಂದು ಮೈದುನ ಊಟದ ಮೇಜಿನ ಆಚೆ ಬದಿಯಿಂದ ಅಂಗಲಾಚಿದ.

ಅತ್ತಿಗೆ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದರು: “ಕಡತಗಳನ್ನು ಅಳಿಸುವ ಮುನ್ನ ಕಂಪ್ಯೂಟರ್ ನಿಮ್ಮ ಒಪ್ಪಿಗೆ ಕೇಳುತ್ತದೆ.” ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ಮಿಗೆ ಅವನು ಪ್ರೋಗ್ರಾಂ ಬರೆಯುವವನು, ಅವರು ಕೈಪಿಡಿ ನೋಡಿಕೊಳ್ಳುವವರು, ಇಬ್ಬರಿಗೂ ಸಂಬಳವಿಲ್ಲ. ಪ್ರತಿ ಹೊಸ ಆವೃತ್ತಿಗೆ ಮುನ್ನ ಕೈಪಿಡಿಯ ಒಂದೊಂದು ವಾಕ್ಯವನ್ನೂ ಮಾಡಿ ನೋಡಿದ ಮೇಲೆಯೇ ಅತ್ತಿಗೆಯ ಒಪ್ಪಿಗೆ. ಇಂದು ಈ ವಾಕ್ಯ ಸುಳ್ಳಾಗಿತ್ತು. ಬೇರೇನನ್ನೋ ಚೊಕ್ಕಟ ಮಾಡಲು ಹೋಗಿ ಮೈದುನ ಆ ಪ್ರಶ್ನೆಯನ್ನೇ ಕಿತ್ತುಹಾಕಿದ್ದ; ಅತ್ತಿಗೆ ಮಾಡಿ ನೋಡಿದಾಗ ಕಂಪ್ಯೂಟರ್ ಕೇಳದೆಯೇ ಪರೀಕ್ಷೆಗೆ ಇಟ್ಟ ಕಡತಗಳನ್ನೆಲ್ಲ ಒರೆಸಿಹಾಕಿತ್ತು.

“ಪ್ರೋಗ್ರಾಂ ಸರಿಮಾಡು.”

“ಎಲ್ಲಾ ಪರೀಕ್ಷೆ ಮೊದಲಿಂದ ಓಡಿಸ್ಬೇಕು, ನಾಳೆ ಆಗತ್ತೆ. ಇವತ್ತೇ ಅಂತ ಊರಿಗೆಲ್ಲಾ ಡಂಗುರ ಹೊಡೆದಿದೀನಿ! ಸಾಲು ತೆಗೆದ್ರೆ ಎರಡೂ ತಾಳೆ ಆಗತ್ತಲ್ಲ?”

“ತಪ್ಪು ಮಾಡಿದೋನನ್ನ ಬಿಟ್ಟು ಸಾಕ್ಷಿ ಬಾಯಿ ಮುಚ್ಚಿಸ್ತೀಯಾ?” ಅತ್ತಿಗೆಯ ಮೂಗಿನ ತುದಿ ಕೆಂಪಾಯಿತು. “ಇದನ್ನ ನಂಬಿಕೊಂಡು ಕೆಲಸ ಮಾಡ್ತಿರೋರು ಇದ್ದಾರೆ. ಅವರಿಗೆ ಏನು ಹೇಳ್ತೀಯ?”

“ಕೈಪಿಡಿ ಯಾರು ಓದ್ತಾರೆ ಅತ್ತಿಗೆ!”

ಅತ್ತಿಗೆ ಸಿಟ್ಟು ನುಂಗಿಕೊಂಡರು. “ಸರಿ, ತೆಗೀತೀನಿ. ಮೊದಲು ನಿನ್ನ ಲ್ಯಾಪ್‌ಟಾಪಲ್ಲಿ ನಿನ್ನ ಮಗಳ ಫೋಟೋಗಳಿರೋ ಫೋಲ್ಡರ್ ತೆರಿ. ಬೇಡದ್ದೊಂದನ್ನ ನಿನ್ನ ಹೊಸ ಪ್ರೋಗ್ರಾಮಲ್ಲೇ ಅಳಿಸು. ಟೈಪ್ ಮಾಡೋವಾಗ ಒಂದಕ್ಷರ ಹೆಚ್ಚುಕಮ್ಮಿ ಆದ್ರೆ ಇಡೀ ಫೋಲ್ಡರ್ ಹೋಗತ್ತೆ, ಗೊತ್ತಲ್ಲ?”

“ಅದೇನು ಮಹಾ!” ಎಂದ ಮೈದುನ ಅಳಿಸುವ ಆದೇಶವನ್ನು ಪಟಪಟನೆ ಟೈಪ್ ಮಾಡಿದ. ಬರೆದದ್ದನ್ನು ಓದಿಕೊಂಡ. ಮತ್ತೆ ಓದಿಕೊಂಡ. ಬೆರಳು ಎಂಟರ್ ಗುಂಡಿಯ ಮೇಲೆ ಇಳಿಯಲೇ ಇಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೆಲ್ಲಗೆ ಹೇಳಿದ: “ಇರಿ, ಒಂದು ನಕಲು ಇಟ್ಕೋತೀನಿ.”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಣ್ಣ ಗೊಳ್ಳೆಂದು ನಕ್ಕ. “ಬರೆದೋನಿಗೇ ಧೈರ್ಯ ಇಲ್ವೇನೋ!”

ಮೈದುನನ ಕಿವಿ ಬಿಸಿಯಾಯಿತು, ಆದರೂ ನಗು ತಡೆಯಲಾಗಲಿಲ್ಲ. ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಪ್ರಕಟಣೆ ಹಾಕಿದ: “ಬಿಡುಗಡೆ ನಾಳೆಗೆ. ಕಾರಣ: ಕೈಪಿಡಿ ಸರಿಯಾಗಿದೆ, ಪ್ರೋಗ್ರಾಂ ತಪ್ಪಾಗಿದೆ.” ಅತ್ತಿಗೆ ಅದನ್ನೋದಿ, ಒಳ್ಳೆಯ ಉತ್ತರಪತ್ರಿಕೆ ಕಂಡ ಮೇಷ್ಟ್ರಂತೆ ತಲೆದೂಗಿದರು.

ಮರುದಿನ ಎಲ್ಲ ಪರೀಕ್ಷೆಗಳೂ ಮುಗಿದವು. ಕೊನೆಯದಾಗಿ ಮೈದುನ ಮಗಳ ಮಸುಕಾದ ಫೋಟೋ ಒಂದನ್ನು ಅಳಿಸಲು ಆರಿಸಿ ಎಂಟರ್ ಒತ್ತಿದ. ಪರದೆ ಕೇಳಿತು: “ಅಳಿಸಿದ್ದು ಮರಳಿ ಬಾರದು. ಅಳಿಸಲೇ?”

ಅವನು ಫೋಟೋವನ್ನು ತೆರೆದು ನೋಡಿದ. ಮಗು ಎರಡೂ ಕೈ ಚಾಚಿ ಅವನ ಕಡೆಗೇ ಓಡಿಬರುತ್ತಿತ್ತು. ಚಿತ್ರ ಮಸುಕಾದದ್ದು ಅದಕ್ಕೇ.

“ಬೇಡ” ಎಂದು ಒತ್ತಿದ.