ಕಾಶವ್ವನ ಬಾಯಿ

ಶೇಂಗಾ ಕಿತ್ತ ವಾರ. ಅಂಗಳದಲ್ಲಿ ಅತ್ತೆ ಕಾಶವ್ವ ಬಳ್ಳಿಯಿಂದ ಕಾಯಿ ಬಿಡಿಸುತ್ತ, ಎಂದಿನಂತೆ ಸೊಸೆಯನ್ನು ಬೈಯುತ್ತಿದ್ದಳು. ಸೊಸೆ ಮೊಬೈಲು ಹಿಡಿದು ಕೂತಿದ್ದಳು.

“ಗಂಡ ದುಡಿಯೂ ಹತ್ತಿ ಮಿಲ್ಲಿಗೆ ಕೀಲಿ ಬಿದ್ದೈತಿ, ನಿನಗ ಮೊಬೈಲಿನ ಮೋಜು! ಆ ಕೈಗೆ ಕರಿನಾಗರ ಕಚ್ಚಲಿ!”

“ಮೋಜಲ್ಲತ್ತೀ. ಇದರಾಗ ಬರದು ಹಾಕಿದ್ರ ಕ್ರಿಪ್ಟೊ ಅಂತ ಕಾಯಿನ್ ಕೊಡ್ತಾರ. ಅದನ್ನ ಮಾರಿದ್ರ ರೊಕ್ಕ. ಮಿಲ್ಲು ಮುಚ್ಚಿದಾಗಿಂದ ನೀವು ಉಣ್ಣೂ ಜೋಳ ಅದರದಾ.”

“ಅಂಥಾದ್ದೇನು ಬರೀತಿ?”

“ನಿಮ್ಮ ಬೈಗುಳ. ದಿನಾ ಒಂದು. ಊರೂರಿನ ಮಂದಿ ಓದಿ ಬಿದ್ದು ಬಿದ್ದು ನಗ್ತಾರ. ಕರಿನಾಗರ ಹಳೇದಾತು. ಹೊಸಾದೊಂದು ಬೈರಿ, ಸಂಜಿಗೆ ಅಂಗಡಿ ಬಾಕಿ ತೀರತೈತಿ.”

ಕಾಶವ್ವ ಕೈಯಲ್ಲಿದ್ದ ಬಳ್ಳಿಯನ್ನು ಕೆಳಗಿಟ್ಟಳು. ಸೊಸೆಯನ್ನೇ ದಿಟ್ಟಿಸಿದಳು. ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಆಮೇಲೆ ಇಡೀ ದಿನ ಶೇಂಗಾ ಬಿಡಿಸಿದಳೇ ಹೊರತು ಒಂದು ಮಾತೂ ಆಡಲಿಲ್ಲ.

ಹೊತ್ತು ಮುಳುಗುವಾಗ ಅಂಗಡಿಯವ ಬಂದು ಬಾಗಿಲಲ್ಲಿ ನಿಂತ. “ಇವತ್ತು ಕೊಡಲಿಲ್ಲಂದ್ರ ಶೇಂಗಾ ಚೀಲ ಎತ್ತತೀನಿ,” ಎಂದ.

ಸೊಸೆ ಓಡಿ ಹೋಗಿ ಅತ್ತೆಯ ಕಾಲು ಹಿಡಿದಳು. “ಅತ್ತೀ, ಒಂದಾ ಒಂದು ಬೈರಿ!”

ಕಾಶವ್ವ ಅವಳ ತಲೆಯ ಮೇಲೆ ಕೈಯಿಟ್ಟಳು. “ನಿನ್ನ ಹೊಟ್ಟಿ ತಣ್ಣಗಿರಲಿ, ಮಗಳ.”