ರಬ್ಬರ್ ಗಿಡದ ಮೂಗು

ನೋಟರಿ ಎವಾರಿಸ್ತೊ ಜೇಬಿನಿಂದ ಪುಟ್ಟ ಕನ್ನಡಿ ತೆಗೆದು, ಕೋಟಿನ ತೋಳಿಗೆ ಒರೆಸಿ, ಕುಂಡದಲ್ಲಿದ್ದ ರಬ್ಬರ್ ಗಿಡದ ಎಲೆಯ ಮೇಲೆ ಹಿಡಿದರು. ಐದು ನಿಮಿಷ ಕಳೆಯಿತು. ಕನ್ನಡಿ ಮಸುಕಾಗಲಿಲ್ಲ.

“ಉಸಿರಾಡ್ತಿಲ್ಲ, ಸೆನ್ಯೋರಾ,” ಎಂದು ಟೋಪಿ ತೆಗೆದರು.

“ಹಸಿರಾಗೇ ಇದೆಯಲ್ಲ! ಒಂದೆಲೆ ಉದುರಿಲ್ಲ,” ಎಂದಳು ನೀದಿಯಾ.

“ನಿಮ್ಮ ಯಜಮಾನರು ಉಯಿಲಿನಲ್ಲಿ ಹಸಿರು ಅಂತ ಬರೆಸಿಲ್ಲವಲ್ಲಮ್ಮ. ‘ನನ್ನ ರಬ್ಬರ್ ಗಿಡ ಉಸಿರಾಡುತ್ತಿರುವವರೆಗೆ ಮನೆ ನನ್ನ ಹೆಂಡತಿಗೆ, ಉಸಿರು ನಿಂತ ದಿನ ನನ್ನ ತಮ್ಮನಿಗೆ.’ ನಗ್ತಾ ನಗ್ತಾ ಬರೆಸಿದ್ರು, ನಿಜ. ಆದ್ರೆ ನಗುವಿಗೆ ನಾನು ಮೊಹರು ಹಾಕೋಕಾಗಲ್ಲ. ಬರೆದದ್ದಕ್ಕೆ ಹಾಕಿದೀನಿ.”

ಗಂಡ ಲಾವ್ತಾರೊ ತೀರಿಹೋಗಿ ಅಂದಿಗೆ ಒಂದು ವರ್ಷ; ನೋಟರಿ ಗಿಡ ಪರೀಕ್ಷಿಸಲು ಬಂದದ್ದು ಅದಕ್ಕೇ. ವಾಲ್ದಿವಿಯಾ ಊರಿನ ಆ ಮರದ ಮನೆ ಬಿಟ್ಟರೆ, ಮೂವತ್ತೊಂದರ ನೀದಿಯಾಗೆ ಬೇರೆ ಸೂರಿರಲಿಲ್ಲ. ಗಂಡ ಭಾನುವಾರಕ್ಕೊಮ್ಮೆ ಬಟ್ಟೆಯ ತುದಿಗೆ ಮಯೊನೇಸ್ ಹಚ್ಚಿ ಎಲೆಗಳನ್ನು ಹೊಳೆಯುವಂತೆ ಒರೆಸುತ್ತಿದ್ದ. ಆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ಅವನು ಹೋದಮೇಲೆ ಅವಳು ದಿನವೂ ಹಚ್ಚಿದಳು, ಮೇಲೂ ಕೆಳಗೂ. ಬೇರೇನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಮೈದುನ ಎಫ್ರಾಯಿನ್ ಗೋಡೆಯ ಬಳಿ ಟೇಪು ಹಿಡಿದು ತನ್ನ ಪುಸ್ತಕದ ಕಪಾಟಿಗೆ ಜಾಗ ಅಳೆಯುತ್ತಿದ್ದ. ನೋಟರಿ ಪೆನ್ನಿನ ಮುಚ್ಚಳ ಬಿಚ್ಚಿದರು. ಅವನು ಸುಮ್ಮನಿದ್ದಿದ್ದರೆ ಮನೆ ಅವನದಾಗುತ್ತಿತ್ತು. ಆದರೆ ಶಾಲೆಯಲ್ಲಿ ಹನ್ನೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟ ಬಾಯಿ ಅದು.

“ಅಲ್ರೀ, ಬೆನ್ನಿಗೆ ಕನ್ನಡಿ ಹಿಡಿದು ಉಸಿರಿಲ್ಲ ಅಂತೀರಲ್ಲ! ನೀವೇನು ಬೆನ್ನಲ್ಲಿ ಉಸಿರಾಡ್ತೀರಾ? ಈ ಗಿಡದ ಮೂಗೆಲ್ಲ ಎಲೆಯ ಕೆಳಗಿರುತ್ತೆ. ಕಣ್ಣಿಗೆ ಕಾಣದ ತೂತು, ಸಾವಿರಗಟ್ಟಲೆ.”

ನೋಟರಿ ಕನ್ನಡಿಯನ್ನು ಎಲೆಯ ಕೆಳಗಿಟ್ಟು ತೆಗೆದರು. ಬಿಳಿಯದೇನೋ ಅಂಟಿತ್ತು. ಮೂಸಿ ನೋಡಿದರು. “ಮಯೊನೇಸ್‌ಗೆ ನಿಂಬೆಹಣ್ಣೂ ಹಿಂಡಿದೀರಾ, ಸೆನ್ಯೋರಾ?”

“ಅಯ್ಯೋ ಅತ್ತಿಗೆ!” ಎಫ್ರಾಯಿನ್ ಹಣೆ ಚಚ್ಚಿಕೊಂಡ. “ವರ್ಷವಿಡೀ ಅದರ ಮೂಗು ಒತ್ತಿ ಹಿಡಿದಿದೀರಲ್ಲ!” ಟೇಪು ಕಂಕುಳಿಗೆ ಸಿಕ್ಕಿಸಿ, ತಾನೇ ಸಾಬೂನು ನೀರು ತಂದು ಒಂದೊಂದೇ ಎಲೆಯ ಕೆಳಭಾಗ ತೊಳೆದ. ಮತ್ತೆ ಕನ್ನಡಿ. ಮತ್ತೆ ಏನೂ ಇಲ್ಲ.

“ಹೇಗೆ ಬರುತ್ತೆ, ಈ ಕತ್ತಲಲ್ಲಿ?” ಎಂದು ರೇಗಿದ. “ಒಂದೊಂದು ತೂತಿಗೂ ಎರಡು ತುಟಿ ಇರ್ತವೆ. ಬೆಳಕು ಬಿದ್ರೆ ನೀರು ಕುಡಿದು ಊದಿ, ಬಾಗಿ, ಬಾಯಿ ತೆರೀತವೆ. ಬೆಳಕಿಲ್ದಿದ್ರೆ ಸೊರಗಿ ಅಂಟಿಕೊಳ್ತವೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಪರದೆ ತೆಗೀರಿ!”

ನೀದಿಯಾ ಅಲ್ಲಾಡಲಿಲ್ಲ. ಶವ ಹೊರಗೆ ಹೋದ ದಿನ ಪರದೆ ಎಳೆದವಳು ಅವಳೇ. ಸಂದಿಯಿಂದ ನುಸುಳಿದಷ್ಟೇ ಬೆಳಕು ಅಂದಿನಿಂದ ಗಿಡದ ಪಾಲು, ಅವಳ ಪಾಲೂ.

“ತೆಗೀದಿದ್ರೆ ‘ನಿಂತಿದೆ’ ಅಂತ ಬರೀತೀನಮ್ಮ,” ಎಂದರು ನೋಟರಿ ಮೆಲ್ಲಗೆ.

ಪರದೆ ತೂಗುವ ಕಂಬಿಯ ಬಳೆಗಳು ತುಕ್ಕು ಹಿಡಿದಿದ್ದವು. ಎರಡು ಕೈಯಲ್ಲೂ ಜಗ್ಗಿದಾಗ ಪರದೆ ಅರ್ಧ ಹರಿದು ಬಂತು. ಹೊರಗೆ ನದಿ ಕಣ್ಣು ಕುಕ್ಕುತ್ತಿತ್ತು. ಮೀನುಪೇಟೆಯ ಕಟ್ಟೆಯ ಮೇಲೆ ಕಡಲಸಿಂಹಗಳು ಏನೂ ಆಗಿಲ್ಲವೆಂಬಂತೆ ಅರಚಾಡುತ್ತಿದ್ದವು.

ಒಂದು ಗಂಟೆ ಕಾದರು. ಅವಳು ಚಹಾ ಮಾಡಿದಳು, ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ ಕೊಟ್ಟಳು. ರೋಗಿಯ ಕೋಣೆಯಲ್ಲಿ ಕೂತವರಂತೆ ಮೂವರೂ ಪಿಸುಮಾತಿನಲ್ಲೇ ಸಕ್ಕರೆ ಕೇಳಿದರು. ಆಮೇಲೆ ನೋಟರಿ ತಣ್ಣಗಿದ್ದ ಕನ್ನಡಿಯನ್ನು ಎಲೆಯ ಕೆಳಗೆ ಒತ್ತಿ, ನಿಧಾನವಾಗಿ ತೆಗೆದರು. ನಡುವೆ ಕಾಸಗಲ ಮಂಜು.

“ಬಂತು! ಬಂತು! ನಾನು ಹೇಳಲಿಲ್ವಾ?” ಎಫ್ರಾಯಿನ್ ನೋಟರಿಯನ್ನು ತಬ್ಬಿ ಕುಣಿದ. ಕಂಕುಳಿನ ಟೇಪು ಜಾರಿ ಕಾಲ ಮೇಲೆ ಬಿತ್ತು. ಅದನ್ನು ನೋಡಿದ, ಗೋಡೆಯನ್ನು ನೋಡಿದ, ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತ.

ನೋಟರಿ ಜೀವಂತ ಪ್ರಮಾಣಪತ್ರ ಬಿಡಿಸಿದರು. “ಹೆಸರು, ರಬ್ಬರ್ ಗಿಡ. ವಾಸ, ಇದೇ ಮನೆ. ವಯಸ್ಸು?”

“ಒಂಬತ್ತು.”

“ಮದುವೆ ಆಗಿದೆಯೋ, ಇಲ್ಲವೋ?”

“ಗಿಡಕ್ಕಾ?”

“ಕಾಲಂ ಇದೆಯಲ್ಲಮ್ಮ. ತುಂಬದೆ ಮೊಹರು ಬೀಳಲ್ಲ. ವಿಧವೆ ಅಂತ ಬರೀಲಾ?”

ಒಂದು ವರ್ಷದಿಂದ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪ್ರತಿ ಕಿಟಕಿಯ ಮುಂದೆ ಅವಳು ಹೇಳುತ್ತ ಬಂದಿದ್ದ ಪದ ಅದು. ನೀದಿಯಾ ಬೆಳಕಿಗೆ ಕಣ್ಣು ಕಿರಿದಾಗಿಸಿ ಗಿಡವನ್ನೇ ನೋಡಿದಳು.

“ಹಾಗೇ ಬರೀರಿ,” ಎಂದಳು. “ಆದ್ರೆ ಪೆನ್ಸಿಲ್‌ನಲ್ಲಿ.”